ಮೀನಿಗೆ ಹೊಲಿದ ಅಂಗಿ

ಟೈಲರಣ್ಣನಿಗೆ ಬೀದಿಯಲ್ಲಿ ಎರಡು ಹೆಸರುಗಳಿದ್ದವು. ಎದುರಿಗೆ ಸಿಕ್ಕಾಗ ಎಲ್ಲರೂ ‘ಟೈಲರಣ್ಣ’ ಎನ್ನುತ್ತಿದ್ದರು. ಅವನು ಮೂಲೆ ತಿರುಗಿದ ಮೇಲೆ ‘ಐಸ್ ಟೈಲರ್’ ಎನ್ನುತ್ತಿದ್ದರು. ಮೊದಲ ಹೆಸರನ್ನು ಅವನು ವರ್ಷಗಟ್ಟಲೆ ಬೆನ್ನು ಬಗ್ಗಿಸಿ ಹೊಲಿದು ಸಂಪಾದಿಸಿದ್ದ. ಎರಡನೆಯದು ಒಂದೇ ಬೆಳಿಗ್ಗೆ, ಹೆಬ್ಬೆರಳ ಗಾತ್ರದ ಒಂದು ಐಸ್ ಚೂರಿನಿಂದ ಬಂದದ್ದು.

ಅವನ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಬೀದಿಯ ಕಡೆಗೆ ಅಗಲವಾದ ಕಿಟಕಿ; ಕಿಟಕಿಯ ಕೆಳಗೆ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ; ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಮೇಜಿನ ಮೇಲೆ ಕತ್ತರಿ, ಸೀಮೆಸುಣ್ಣದ ಬಿಲ್ಲೆ, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ ಮತ್ತು ಕತ್ತು ಒಂದೇ ಕಡೆಗೆ ವಾಲಿದ ಫ್ಯಾನು. ಗೋಡೆಯ ಮೇಲೆ ಅವನೇ ದುಂಡಗೆ ಬರೆದ ಬೋರ್ಡು: ‘ಹೊಸ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಒಣಗಿಸಿ ತಂದರೆ ಮಾತ್ರ ಹೊಲಿಗೆ.’ ಬೋರ್ಡು ಓದದವರಿಗೆ ಅವನು ಬಾಯಲ್ಲೇ ಪಾಠ ಹೇಳುತ್ತಿದ್ದ.

“ಹೊಸ ಬಟ್ಟೆ ಅಂದ್ರೆ ಹೊಸ ನೆಂಟ ಇದ್ದ ಹಾಗೆ. ನೋಡೋಕೆ ಚೆಂದ. ನಿಜವಾದ ಬಣ್ಣ ನೀರಿಗೆ ಇಳಿದ ಮೇಲೇ ಗೊತ್ತಾಗೋದು.”

ಕಾರ್ಖಾನೆಯ ಕೆಲಸಗಾರರು ಒಮ್ಮೆ ದಪ್ಪನೆಯ ನೀಲಿ ಬಟ್ಟೆಯನ್ನು ನೆನೆಸದೆ ತಂದು, ಅವಸರ ಮಾಡಿ ಹೊಲಿಸಿಕೊಂಡು ಹೋದರು. ಮೊದಲ ದಿನದ ಬೆವರಿಗೇ ಎಲ್ಲರ ಬನಿಯನ್ನುಗಳೂ ನೀಲಿಯಾದವು. ಒಬ್ಬನ ಹೊಟ್ಟೆಯ ಮೇಲಿನ ನೀಲಿ ವಾರವಾದರೂ ಹೋಗಲಿಲ್ಲವಂತೆ. ಜಗಳಕ್ಕೆ ಬಂದವರಿಗೆ ಟೈಲರಣ್ಣ ಮಾತಾಡದೆ ಅಳತೆ ಪಟ್ಟಿಯ ತುದಿಯಿಂದ ಬೋರ್ಡನ್ನು ತೋರಿಸಿದ. ಆ ಬಟ್ಟೆಯ ಉಳಿಕೆ ತುಂಡುಗಳು ಮೇಜಿನ ಕೆಳಗೆ ಗಂಟಾಗಿ ಬಿದ್ದೇ ಇದ್ದವು.

ವಾರವಿಡೀ ಬಗ್ಗಿದ ಬೆನ್ನು ನೆಟ್ಟಗಾಗುತ್ತಿದ್ದುದು ರಜೆಯ ದಿನ ಮಾತ್ರ. ಅಂದು ಅವನು ಬೆಳಕು ಹರಿಯುವ ಮೊದಲೇ ಗಾಳದ ಕೋಲನ್ನು ಸೈಕಲ್ಲಿಗೆ ಕಟ್ಟಿಕೊಂಡು, ಪಂಪ್‌ಹೌಸಿನ ಹಿಂದಿನ ನದಿಯ ತಿರುವಿಗೆ ಹೋಗುತ್ತಿದ್ದ. ಅಲ್ಲಿ ಯಂತ್ರದ ಸದ್ದಿಲ್ಲ. ‘ನಾಳೆ ಬೇಕು’ ಎನ್ನುವವರಿಲ್ಲ. ಸೊಂಟ ದಪ್ಪವಾದದ್ದಕ್ಕೆ ದರ್ಜಿಯನ್ನು ಬೈಯುವವರಿಲ್ಲ. ಮೀನೂ ಇರಲಿಲ್ಲ ಎನ್ನಬೇಕು. ಇದ್ದರೂ ಅವನ ಗಾಳದ ಕಡೆಗೆ ಬರುತ್ತಿರಲಿಲ್ಲ. ಇಷ್ಟು ವರ್ಷಗಳಲ್ಲಿ ಅವನು ಮನೆಗೆ ತಂದದ್ದೆಲ್ಲ ಬೆರಳುದ್ದದ ಮರಿಗಳು. ಮೊದಮೊದಲು ಸೈಕಲ್ಲಿನ ಗಂಟೆ ಕೇಳಿದರೆ ಬಾಗಿಲಿಗೆ ಓಡಿಬರುತ್ತಿದ್ದ ಮನೆಯ ಬೆಕ್ಕು, ಈಗೀಗ ಕಣ್ಣು ಕೂಡ ಬಿಡುತ್ತಿರಲಿಲ್ಲ.

ಹೆಂಡತಿ ಇದನ್ನೆಲ್ಲ ಸಹಿಸಿಕೊಂಡಿದ್ದಳು. ಸಹಿಸದೆ ಇದ್ದವರು ಅತ್ತೆ.

ಅತ್ತೆ ಎಂದರೆ ಅವನ ಹೆಂಡತಿಯ ತಾಯಿ. ಆಯುಷ್ಯವೆಲ್ಲ ಮಾರುಕಟ್ಟೆಯಲ್ಲಿ ಮೀನು ಮಾರಿದವರು; ಮಂಡಿ ನೋವು ಬಂದ ಮೇಲೆ ಬುಟ್ಟಿ ಕೆಳಗಿಟ್ಟು ಮಗಳ ಮನೆಗೆ ಬಂದು ನೆಲೆಸಿದ್ದರು. ಬುಟ್ಟಿಯನ್ನು ಇಟ್ಟರೇ ಹೊರತು ನಾಲಿಗೆಯನ್ನು ಇಡಲಿಲ್ಲ. ಬೀದಿಯಲ್ಲಿ ಯಾರು ಮೀನು ಕೊಂಡರೂ ಮೊದಲು ಅವರ ಮುಂದೆ ಹಿಡಿದು ಒಳಗೆ ಹೋಗುವುದು ವಾಡಿಕೆ. ಅವರ ಶಾಸ್ತ್ರ ಚಿಕ್ಕದು: “ಕಣ್ಣು ನೋಡು, ಕಿವಿರು ಎತ್ತಿ ನೋಡು, ಬೆರಳೊತ್ತಿ ನೋಡು. ಮಾರೋನ ಮಾತು ಮಾತ್ರ ಕೇಳಬೇಡ.”

ಇಂಥವರ ಮುಂದೆ ಟೈಲರಣ್ಣ ಒಮ್ಮೆ ಬುದ್ಧಿಗೆಟ್ಟು, ಬರಿಗೈಲಿ ಬರಲು ನಾಚಿಕೆಯಾಗಿ, ದಾರಿಯಲ್ಲಿ ಒಂದು ಮೀನು ಕೊಂಡು ತಂದು, “ನಾನೇ ಹಿಡಿದೆ ಅತ್ತೆ” ಎಂದುಬಿಟ್ಟಿದ್ದ. ಅತ್ತೆ ಮೀನನ್ನು ಎತ್ತಿಕೊಂಡರು. ಬಾಯೊಳಗೆ ಬೆರಳು ಹಾಕಿದರು. ಹೊರಗೆ ಬಂದದ್ದು ಒಂದು ಐಸ್ ಚೂರು. ಅದನ್ನು ಅಂಗೈಯಲ್ಲಿಟ್ಟುಕೊಂಡು ಜಗಲಿಗೆ ಬಂದು, ಬೀದಿಗೆಲ್ಲ ಕೇಳುವಂತೆ ಕೇಳಿದರು:

“ಅಳಿಯಂದ್ರೇ, ನಮ್ಮ ನದೀಲಿ ಐಸು ಯಾವಾಗಿಂದ ಬೆಳೀತಿದೆ?”

ಎದುರಿನ ಸೋಡಾ ಅಂಗಡಿಯವನು ನಕ್ಕ ನಗುವಿಗೆ ಅವನ ಕೈಯಲ್ಲಿದ್ದ ಬಾಟಲಿಯ ಗ್ಯಾಸೂ ಹೋಯಿತು. ಐಸ್ ಟೈಲರ್ ಎಂಬ ಹೆಸರು ಅಂದೇ ಹುಟ್ಟಿತು. ಹೆಸರಿಗಿಂತ ಕಷ್ಟವಾದದ್ದು ಅತ್ತೆಯ ಹೊಸ ಲೆಕ್ಕ. ಅಂದಿನಿಂದ ಟೈಲರಣ್ಣ ಏನು ಹೇಳಿದರೂ ಅವರು ಮಗಳ ಕಡೆ ತಿರುಗಿ, “ಅಳಿಯಂದ್ರು ಹೇಳಿದ್ದಾ? ಹಾಗಾದ್ರೆ ಅರ್ಧ ಕಳಿ” ಎನ್ನುತ್ತಿದ್ದರು. ಹೊರಗೆ ಮಳೆ ಬರುತ್ತಿದೆ ಎಂದು ಅವನು ಹೇಳಿದರೂ ಕೈ ಚಾಚಿ ನೋಡಿಯೇ ನಂಬುತ್ತಿದ್ದರು.

ಕೊನೆಗೆ ಒಂದು ದಿನ ಅತ್ತೆ ತೀರ್ಪು ಕೊಟ್ಟರು. ಹಿತ್ತಲಲ್ಲಿ ಬಟ್ಟೆ ಒಣಗಿಸುವ ಹಗ್ಗ ಜೋತುಬಿದ್ದು, ಒಗೆದ ಬಟ್ಟೆಯೆಲ್ಲ ಮಣ್ಣು ಮುಟ್ಟುತ್ತಿತ್ತು. “ಹಗ್ಗಕ್ಕೆ ಆಸರೆ ಕೊಡೋಕೆ ಒಂದು ಕೋಲು ಬೇಕು. ಮನೇಲಿ ಕೆಲಸಕ್ಕೆ ಬಾರದ ಕೋಲು ಒಂದಿದೆ. ಬರೋ ರಜೆಗೂ ಬರಿಗೈಲಿ ಬಂದ್ರೆ, ಆ ಕೋಲು ಹಗ್ಗಕ್ಕೆ. ಆಮೇಲೆ ರಜೆ ದಿನ ಮನೇಲೇ ಕೂತು, ನನ್ನ ಚಳಿ ಅಂಗಿಗೆ ಗುಂಡಿ ಹಾಕಿಕೊಡಿ. ಕಳೆದ ಚಳಿಗಾಲದಿಂದ ಕೇಳ್ತಿದೀನಿ.”

“ಹಾಕಿಕೊಡ್ತೀನಿ ಅತ್ತೆ, ನಾಳೆ.”

“ಅರ್ಧ ಕಳಿ,” ಎಂದರು ಅತ್ತೆ, ಮಗಳಿಗೆ.

ಇದಾದ ಮೇಲೆ ಅತ್ತೆ ಕಿರಿಯ ಮಗಳ ಮಗುವಿಗೆ ಜ್ವರವೆಂದು ನೋಡಿಬರಲು ಹೋದರು. ರಜೆಯ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಬಸ್ಸಿನಲ್ಲಿ ವಾಪಸು ಬರುವುದೆಂದು ಗೊತ್ತಾಗಿತ್ತು.

ಆ ರಜೆಯ ದಿನ ಟೈಲರಣ್ಣ ನದಿಯ ದಡದಲ್ಲಿ ಕುಳಿತದ್ದು ಮೀನು ಹಿಡಿಯುವ ಆಸೆಯಿಂದಲ್ಲ. ಕೋಲಿಗೆ ವಿದಾಯ ಹೇಳಲು. ಬೆಳಗಿನ ಹೊತ್ತೆಲ್ಲ ಕಳೆಯಿತು. ಪಂಪ್‌ಹೌಸಿನ ಕಾವಲುಗಾರ ಎಂದಿನಂತೆ ಟೊಪ್ಪಿಯನ್ನು ಮುಖಕ್ಕೆ ಮುಚ್ಚಿಕೊಂಡು ಕಾವಲು ಕಾಯುತ್ತಿದ್ದ. ಗೊರಕೆ ದಡದವರೆಗೂ ಕೇಳುತ್ತಿತ್ತು. ಟೈಲರಣ್ಣ ಇನ್ನು ಏಳೋಣವೆಂದು ದಾರ ಸುತ್ತತೊಡಗಿದ. ದಾರ ಸುತ್ತಲಿಲ್ಲ. ಕಲ್ಲಿಗೆ ಸಿಕ್ಕಿತು ಎಂದುಕೊಂಡ. ಆಗ ಕಲ್ಲು ನದಿಯ ಮಧ್ಯಕ್ಕೆ ಹೊರಟಿತು.

ಮುಂದೆ ನಡೆದದ್ದನ್ನು ಅವನು ಆಯುಷ್ಯವಿಡೀ ಬಗೆಬಗೆಯಾಗಿ ಹೇಳಿದ. ನಿಜವೇನೆಂದರೆ ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ. ಒಂದು ಚಪ್ಪಲಿ ನದಿಗೆ ಹೋಯಿತು. ಕೊನೆಗೆ ಮೊಣಕಾಲುದ್ದದ ನೀರಿನಲ್ಲಿ ಅವನು ಒಂದು ದೊಡ್ಡ ಗೆಂಡೆ ಮೀನನ್ನು, ಜಾತ್ರೆಯಲ್ಲಿ ಕಳೆದ ಮಗು ಸಿಕ್ಕಿದಂತೆ, ಎರಡೂ ತೋಳುಗಳಲ್ಲಿ ಅಪ್ಪಿಕೊಂಡು ನಿಂತಿದ್ದ.

“ನೋಡಯ್ಯಾ! ನೋಡು ಬಾ!” ಎಂದು ಕಾವಲುಗಾರನನ್ನು ಕೂಗಿದ. ಕಾವಲುಗಾರ ಮಗ್ಗುಲು ಬದಲಿಸಿದ.

ಸಾಕ್ಷಿಯಿಲ್ಲ. ಆದರೆ ಮೀನೇ ಸಾಕ್ಷಿ ಹೇಳುತ್ತದಲ್ಲ! ಅತ್ತೆ ಕಣ್ಣು ನೋಡಲಿ, ಕಿವಿರು ನೋಡಲಿ, ಬೆರಳೊತ್ತಲಿ. ಮೀನು ತಾಜಾ ಇದ್ದರೆ ಸಾಕು. ಅವನು ಮೀನಿನ ದವಡೆಗೆ ಹುರಿ ಪೋಣಿಸಿ, ಬೇರಿಗೆ ಕಟ್ಟಿ, ನೆರಳಿದ್ದ ಕಡೆ ನೀರಿನೊಳಗೇ ಬಿಟ್ಟ. ಬಸ್ಸಿನ ಹೊತ್ತು ಹತ್ತಿರವಾಗುವ ತನಕ ಕದಲಲಿಲ್ಲ. ಆಮೇಲೆ ಗೋಣಿಚೀಲವನ್ನು ನದಿಯಲ್ಲಿ ಅದ್ದಿ, ಮೀನನ್ನು ಅದರಲ್ಲಿ ಸುತ್ತಿ, ಒಂದೇ ಚಪ್ಪಲಿಯಲ್ಲಿ ಸೈಕಲ್ ತುಳಿದು ಮನೆಗೆ ಬಂದ.

ಹೆಂಡತಿ ಗೋಣಿ ಬಿಚ್ಚಿ ನೋಡಿದಳು. ಮೀನಿನ ಪ್ರಾಣ ದಾರಿಯಲ್ಲೇ ಹೋಗಿತ್ತು, ಆದರೆ ಹೊಳಪು ಹೋಗಿರಲಿಲ್ಲ. ಬೆಕ್ಕು ಎದ್ದು ಕುಳಿತು, ತನ್ನ ಕಣ್ಣನ್ನೇ ನಂಬದೆ ಮೂತಿ ಒರೆಸಿಕೊಂಡಿತು.

“ಎಲ್ಲಿ ತಗೊಂಡ್ರಿ?” ಎಂದಳು ಹೆಂಡತಿ.

“ನೀನೂ ಹಾಗೇ ಕೇಳ್ತೀಯಲ್ಲೇ! ಹಿಡಿದದ್ದು ಕಣೇ! ನೋಡು, ತುಟೀಲಿ ಗಾಳದ ತೂತು!”

“ತೂತಿಗೇನ್ರೀ, ಸೂಜಿ ನಿಮ್ಮ ಕೈಲೇ ಇದೆ ಅಂತಾಳೆ ಅಮ್ಮ.”

ಅವಳ ಮಾತು ಸುಳ್ಳಲ್ಲ. ಟೈಲರಣ್ಣ ಪೆಚ್ಚಾದ. ಅಷ್ಟರಲ್ಲಿ ಫೋನು ಬಂತು. ಅತ್ತೆಯೇ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆ, ಬೇರೆ ಬಸ್ಸು ಬರಬೇಕು, ಯಾವಾಗ ಬರುತ್ತದೋ ದೇವರಿಗೇ ಗೊತ್ತು.

“ಅಮ್ಮಾ, ಇವರು ಇಷ್ಟು ದೊಡ್ಡ ಮೀನು ಹಿಡಿದಿದಾರೆ,” ಎಂದಳು ಹೆಂಡತಿ.

ಫೋನಿನಿಂದ ಬಂದ ಮಾತು ಕೋಣೆಗೆಲ್ಲ ಕೇಳಿಸಿತು: “ಯಾವ ಅಂಗಡೀದು?”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ. ಹೊರಗೆ ಬಿಸಿಲು ಉರಿಯುತ್ತಿತ್ತು. ಹೆಂಡತಿ ಸೆರಗು ಕಟ್ಟಿಕೊಂಡು ಚಾಕು ತಂದಳು.

“ಹೊಟ್ಟೆ, ಕಿವಿರು ತೆಗೆದು ತೊಳೆದಿಡ್ತೀನಿ. ಇಲ್ಲಾಂದ್ರೆ ಈ ಸೆಕೆಗೆ ಕೆಡತ್ತೆ.”

“ಮುಟ್ಟಬೇಡ! ಕಿವಿರು ತೆಗೆದ್ರೆ ಅತ್ತೆ ಏನು ನೋಡ್ತಾರೆ? ಕೊಯ್ದ ಮೀನು ಅಂಗಡಿ ಮೀನಿನ ಹಾಗೇ ಕಾಣತ್ತೆ.”

“ಹಾಗಾದ್ರೆ ಐಸ್ ಹಾಕಿ.”

ಟೈಲರಣ್ಣ ಅವಳನ್ನು ಹೇಗೆ ನೋಡಿದನೆಂದರೆ, ಅವಳು ವಿಷ ಹಾಕಿ ಎಂದಿದ್ದರೂ ಅಷ್ಟು ಗಾಬರಿಯಾಗುತ್ತಿರಲಿಲ್ಲ.

ಸೋಡಾ ಅಂಗಡಿಯವನು ಸುದ್ದಿ ಕೇಳಿ ರಸ್ತೆ ದಾಟಿ ಬಂದ. ಮೀನನ್ನು ನೋಡಿ ಬಾಯಿ ತೆರೆದ. ಅವನು ಕುಚೋದ್ಯಗಾರನಾದರೂ ಕೆಟ್ಟವನಲ್ಲ. “ಟೈಲರಣ್ಣ, ಈಗಲೇ ಒಂದು ಬಕೆಟ್ ಐಸ್ ಕಳಿಸ್ಲಾ? ಸಾಯಂಕಾಲದವರೆಗೂ ಏನೂ ಆಗಲ್ಲ.”

“ಬೇಡ ಮಹಾರಾಯ! ಐಸ್ ಈ ಮನೆ ಹೊಸಲು ದಾಟಬಾರದು.”

“ಪುಡಿ ಮಾಡಿ ಕೊಡ್ತೀನಿ. ಕರಗಿಹೋದ್ರೆ ಯಾರಿಗೆ ಗೊತ್ತಾಗತ್ತೆ?”

“ಮೈ ತಣ್ಣಗಿರತ್ತಲ್ಲಪ್ಪಾ! ಅತ್ತೆ ಬೆರಳು ಅಂದ್ರೆ ಥರ್ಮಾಮೀಟರು. ಅದಕ್ಕೇ ನಾನು ಫ್ರಿಜ್ಜಿಗೂ ಇಡ್ತಿಲ್ಲ.”

“ಫೋಟೋನಾದ್ರೂ ತೆಗಿಲಾ?”

“ಫೋಟೋದಲ್ಲಿ ಕಿವಿರು ಎತ್ತಿ ನೋಡೋಕಾಗತ್ತಾ?”

ಸೋಡಾದವನು ತಲೆ ಆಡಿಸಿದ. “ಕೆಟ್ಟ ಮೀನಿಗಿಂತ ಕೆಟ್ಟ ಹೆಸರೇ ಮೇಲು ಟೈಲರಣ್ಣ. ಹೆಸರು ನಾರಲ್ಲ,” ಎಂದು ಹೇಳಿ ಅಂಗಡಿಗೆ ಹೋಗಿ, ಅಲ್ಲಿಂದಲೇ ನೋಡುತ್ತ ಕುಳಿತ.

ಟೈಲರಣ್ಣ ಮೊದಲು ಮೀನನ್ನು ನೀರಿನ ತೊಟ್ಟಿಗೆ ಹಾಕಹೊರಟ. ಛಾವಣಿಯ ಟ್ಯಾಂಕಿನಿಂದ ಬಂದ ನೀರಿಗೆ ಕೈಯಿಟ್ಟು, ಚುರುಕ್ಕೆಂದು ಹಿಂತೆಗೆದ. ಹಾಕಿದ್ದರೆ ಅಡುಗೆ ಅಲ್ಲೇ ಆಗಿಬಿಡುತ್ತಿತ್ತು. ಆಗ ಅತ್ತೆ ಊಟದ ಹೊತ್ತಿನಲ್ಲಿ ಎಷ್ಟೋ ಸಲ ಹೇಳಿದ್ದು ನೆನಪಾಯಿತು: ಮೀನನ್ನು ನೀರಲ್ಲಿ ನೆನೆಹಾಕಿದರೆ ಸಪ್ಪೆ, ಬಿಸಿಲಲ್ಲಿಟ್ಟರೆ ಕಸ, ಐಸ್ ಸಿಗದ ದಿನ ನಾವು ಒದ್ದೆ ಬಟ್ಟೆ ಸುತ್ತಿ, ನೆರಳಲ್ಲಿ, ಗಾಳಿ ಬರುವ ಕಡೆ ತೂಗುಹಾಕುತ್ತಿದ್ದೆವು, ಬಟ್ಟೆ ಒಣಗಬಾರದು, ಗಾಳಿ ನಿಲ್ಲಬಾರದು.

ಒದ್ದೆ ಬಟ್ಟೆ! ಗಾಳಿ! ದರ್ಜಿಯ ಮನೆಯಲ್ಲಿ ಬಟ್ಟೆಗೆ ಬರವೇ? ಅತ್ತೆಯ ವಿದ್ಯೆಯಿಂದಲೇ ಅತ್ತೆಯನ್ನು ಗೆಲ್ಲಬಹುದೆಂದು ಅವನಿಗೆ ಹುರುಪು ಬಂತು. ಗಡಿಗೆಯಲ್ಲಿ ತಣ್ಣಗಿದ್ದ ಕುಡಿಯುವ ನೀರು ತಂದು ಒಂದು ತೆಳು ಬಿಳಿ ಬಟ್ಟೆಯನ್ನು ನೆನೆಸಿ ಸುತ್ತಿದ. ಫ್ಯಾನು ಹಚ್ಚಿದ. ಆದರೆ ತೆಳು ಬಟ್ಟೆ ನೋಡುನೋಡುತ್ತಲೇ ಒಣಗಿತು. ಸುತ್ತು ಸಡಿಲವಾಗಿ, ಬಾಲ ಹೊರಗೆ ಬಂತು. ಸುಕ್ಕುಗಟ್ಟಿದ ಬಟ್ಟೆಯನ್ನು ನೋಡಿದ ಟೈಲರಣ್ಣನ ಮನಸ್ಸು ಕಸಿವಿಸಿಗೊಂಡಿತು. ಯಾವ ಮೈಯ ಮೇಲೂ ಬಟ್ಟೆ ಹೀಗೆ ಜೋಲಾಡುವುದನ್ನು ಅವನು ಎಂದೂ ಸಹಿಸಿದವನಲ್ಲ. ಕೈ ತಾನಾಗಿಯೇ ಕೊರಳಲ್ಲಿದ್ದ ಅಳತೆ ಪಟ್ಟಿಗೆ ಹೋಯಿತು.

“ಉದ್ದ ಇಪ್ಪತ್ತಾರು,” ಎಂದು ಅವನು ಗೊಣಗಿದ್ದು ಒಳಗಿದ್ದ ಹೆಂಡತಿಗೆ ಕೇಳಿಸಿತು. “ಎದೆ ಹದಿನೇಳು. ಸೊಂಟ ಹನ್ನೊಂದು. ಕತ್ತು... ಕತ್ತೇ ಇಲ್ಲ.”

ಅವಳು ಬಂದು ಬಾಗಿಲಲ್ಲಿ ನಿಂತಳು. “ರೀ, ಏನು ಮಾಡ್ತಿದೀರಿ?”

“ದಪ್ಪ ಬಟ್ಟೆ ಬೇಕು. ನೀರು ಹಿಡಿದಿಟ್ಟುಕೊಳ್ಳೋ ಅಂಥದ್ದು.” ಅವನು ಮೇಜಿನ ಕೆಳಗೆ ತಲೆ ಹಾಕಿದ. ಕಾರ್ಖಾನೆಯ ಬಟ್ಟೆಯ ಗಂಟು ಕೈಗೆ ಸಿಕ್ಕಿತು. ಸೀಮೆಸುಣ್ಣದ ಗೆರೆ ಎಳೆದ; ಕತ್ತರಿ ಓಡಿಸಿದ; ಬಾಲದ ಕಡೆಗೆ ಕಿರಿದಾಗಿಸಿ, ಬೆನ್ನಿನ ಈಜುರೆಕ್ಕೆಗೆ ಸೀಳು ಬಿಟ್ಟು, ತಲೆಗೆ ಕುಲಾವಿಯನ್ನೂ ಸೇರಿಸಿ ಹೊಲಿದ. ಯಂತ್ರ ರಜೆಯ ದಿನ ಸದ್ದು ಮಾಡಿದ್ದು ಕೇಳಿ ಸೋಡಾದವನು ಅಂಗಡಿಯಿಂದ ಕತ್ತು ಉದ್ದ ಮಾಡಿದ.

“ಕಿವಿರಿನ ಹತ್ತಿರ ಒಂದು ಮಡಿಕೆ ಬೇಕು. ಅತ್ತೆ ಬಂದ ಕೂಡಲೇ ಬಿಚ್ಚಿ ನೋಡೋ ಹಾಗೆ,” ಎಂದು ಟೈಲರಣ್ಣ ಹೆಂಡತಿಯ ಕಡೆ ನೋಡಿದ. “ಎರಡು ಗುಂಡಿ. ಒಂಚೂರು ಕಾಜಾ ಹಾಕಿಕೊಡ್ತೀಯಾ?”

ಗುಂಡಿ ತೂರಿಸುವ ತೂತಿಗೆ ಸುತ್ತಲೂ ಕೈಹೊಲಿಗೆ ಹಾಕುವುದು, ಅಂದರೆ ಕಾಜಾ, ಆ ಅಂಗಡಿಯಲ್ಲಿ ಮೊದಲಿನಿಂದಲೂ ಅವಳ ಕೆಲಸ. ಅವಳು ಸೊಂಟದ ಮೇಲೆ ಕೈಯಿಟ್ಟಳು.

“ನಮ್ಮಮ್ಮನ ಅಂಗಿಗಿಲ್ಲದ ಗುಂಡಿ ಈ ಮೀನಿಗಾ? ನನ್ನ ಕೈಲಿ ಆಗಲ್ಲಪ್ಪ. ನಿಮ್ಮ ಮಗು, ನೀವೇ ಸಿಂಗಾರ ಮಾಡ್ಕೊಳ್ಳಿ.”

ಟೈಲರಣ್ಣ ಕನ್ನಡಕ ಏರಿಸಿ, ನಾಲಿಗೆಯನ್ನು ತುಟಿಯಂಚಿಗೆ ಕಚ್ಚಿಕೊಂಡು, ತಾನೇ ಕಾಜಾ ಹಾಕಿದ. ಅಂಗಿಯನ್ನು ಗಡಿಗೆ ನೀರಿನಲ್ಲಿ ಅದ್ದಿ, ಹಿಂಡಿ, ಮೀನಿಗೆ ತೊಡಿಸಿ, ಗುಂಡಿ ಹಾಕಿ, ಕಿಟಕಿಯ ಪಕ್ಕದ ಮೊಳೆಗೆ ತೂಗುಹಾಕಿದ. ಫ್ಯಾನಿನ ವಾಲಿದ ಕತ್ತು ಸರಿಯಾಗಿ ಅದರ ಕಡೆಗೇ ಇತ್ತು. ಇಸ್ತ್ರಿಯ ಬಾಟಲಿಯಿಂದ ಸುತ್ತಲೂ ನೀರು ಚಿಮುಕಿಸಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಒಂದು ಸುಕ್ಕಿಲ್ಲ. ಆ ಅಂಗಡಿಯಿಂದ ಅಷ್ಟು ಮೈಗೊಪ್ಪುವ ಅಂಗಿ ಹಿಂದೆಂದೂ ಹೊರಬಿದ್ದಿರಲಿಲ್ಲ. ತಕರಾರು ಮಾಡದ ಗಿರಾಕಿಯೂ ಅದೊಂದೇ.

ಊಟದ ಹೊತ್ತು ಕಳೆಯಿತು. ಟೈಲರಣ್ಣ ಉಣ್ಣಲಿಲ್ಲ. ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ನೊಣ ಓಡಿಸುವ ಬೀಸಣಿಗೆ ಹಿಡಿದು ಕುರ್ಚಿಯಲ್ಲಿ ಕುಳಿತಿದ್ದ. ಕೆಳಗೆ ಬೆಕ್ಕು, ಅವನಷ್ಟೇ ಶ್ರದ್ಧೆಯಿಂದ, ಕುಳಿತಿತ್ತು. ಆಗಾಗ ಅವನು ಬಾಗಿ ಮೂಸುತ್ತಿದ್ದ. ಬರೀ ನದಿಯ ಕೆಸರಿನ ವಾಸನೆ. ಗೆಲುವು.

ಬಿಸಿಲು ಬಾಗುವ ಹೊತ್ತಿಗೆ ಹೆಂಡತಿ ಕಾಫಿ ತಂದವಳು ನೆಲವನ್ನು ನೋಡಿ ನಿಂತಳು.

“ರೀ, ಇದೇನಿದು ನೆಲದ ಮೇಲೆ?”

ಮೀನಿನ ಬಾಲದಿಂದ ತೊಟ್ಟಿಕ್ಕಿದ ನೀರು ಸಣ್ಣ ಮಡುವಾಗಿತ್ತು. ಮಡು ನೀಲಿಯಾಗಿತ್ತು. ಪಕ್ಕದಲ್ಲಿ ಬೆಕ್ಕಿನ ಹೆಜ್ಜೆಗಳು, ಅವೂ ನೀಲಿ. ಟೈಲರಣ್ಣ ತನ್ನ ಅಂಗೈ ನೋಡಿಕೊಂಡ: ನೀಲಿ. ಗುಂಡಿ ಬಿಚ್ಚಿದ. ಒಳಗೆ ಬೆಳ್ಳಿಯಂತಿದ್ದ ಮೀನು ತಲೆಯಿಂದ ಬಾಲದವರೆಗೆ, ಕಾರ್ಖಾನೆಗೆ ಕೆಲಸಕ್ಕೆ ಹೊರಟಂತೆ, ಕಡುನೀಲಿಯಾಗಿತ್ತು.

ಇಬ್ಬರೂ ಒಟ್ಟಿಗೇ ಗೋಡೆಯ ಕಡೆ ನೋಡಿದರು. ‘ಹೊಸ ಬಟ್ಟೆಯನ್ನು ನೀರಿನಲ್ಲಿ ನೆನೆಸಿ...’

“ಹೇಳೋದು ಶಾಸ್ತ್ರ, ಹಾಕೋದು ಗಾಳ,” ಎಂದಳು ಹೆಂಡತಿ. ಹೇಳಿದ ಮೇಲೆ ಗಂಡನ ಮುಖ ನೋಡಿ ಅವಳಿಗೇ ಪಾಪವೆನಿಸಿತು. “ಹೋಗಲಿ ಬಿಡಿ, ತೊಳೆದು ನೋಡೋಣ.”

ತೊಳೆದರು. ನೀಲಿ ಹೋಗಲಿಲ್ಲ. ಉಪ್ಪು ಹಚ್ಚಿ ಉಜ್ಜಿದರು, ನೀಲಿಗೆ ಇನ್ನಷ್ಟು ಹೊಳಪು ಬಂತು. ಟೈಲರಣ್ಣ ಕುರ್ಚಿಯಲ್ಲಿ ಕುಸಿದ. ಐಸ್ ಟೈಲರ್ ಆಗಿದ್ದಾಗ ಮೀನು ಮೀನಿನ ಬಣ್ಣದಲ್ಲಾದರೂ ಇತ್ತು. “ಕೋಲನ್ನ ಹಿತ್ತಲಿಗೆ ತಗೊಂಡು ಹೋಗು,” ಎಂದ. “ಅವರು ಬರೋಕೆ ಮೊದಲೇ ಹಗ್ಗಕ್ಕೆ ಕೊಟ್ಟುಬಿಡು. ಮೀನನ್ನ ಬೆಕ್ಕಿಗೆ ಹಾಕು.”

ಹೆಂಡತಿ ಎರಡನ್ನೂ ಮಾಡಲಿಲ್ಲ. ಮಾಡಲು ಹೊತ್ತೂ ಇರಲಿಲ್ಲ. ಆ ಹೊತ್ತಿಗೆ ಸೋಡಾದವನ ಧ್ವನಿ ಬೀದಿಯಿಂದ ಕೇಳಿಸಿತು: “ಬಂದ್ರಾ ಅಮ್ಮಾ? ಬನ್ನಿ ಬನ್ನಿ, ನಿಮ್ಮನ್ನೇ ಕಾಯ್ತಿದೀವಿ, ಮೀನೂ ಕಾಯ್ತಿದೆ.”

ಅತ್ತೆ ಚೀಲವನ್ನು ಹೊಸಲಲ್ಲಿಟ್ಟು ಒಳಗೆ ಬಂದರು. ಬಸ್ಸಿನ ಧೂಳು, ಮಂಡಿಯ ನೋವು, ಮೂಗಿನ ತುದಿಯಲ್ಲಿ ಕೋಪ. ಹಿಂದೆಯೇ ಸೋಡಾದವನೂ ನುಗ್ಗಿದ. ಮೇಜಿನ ಮೇಲೆ ನೀಲಿ ಮೀನು ಮಲಗಿತ್ತು. ಅತ್ತೆ ಅದನ್ನು ನೋಡಿದರು. ಅಳಿಯನನ್ನು ನೋಡಿದರು. ಬೆಕ್ಕಿನ ಕಾಲುಗಳನ್ನೂ ನೋಡಿದರು.

“ಇದು ಯಾವ ಅಂಗಡೀದು ಅಂತ ಕೇಳಲ್ಲ,” ಎಂದರು ನಿಧಾನವಾಗಿ. “ಇಂಥದ್ದನ್ನ ಮಾರೋನು ಇನ್ನೂ ಹುಟ್ಟಿಲ್ಲ. ಇದೇನು ಅಂತ ಹೇಳಿ ಸಾಕು.”

“ಮೀನು ಅತ್ತೆ,” ಎಂದ ಟೈಲರಣ್ಣ. “ನಾನೇ ಹಿಡಿದೆ.”

ಅತ್ತೆ ಕೈತೊಳೆದು ಬಂದು, ಹಳೆಯ ಮಾರುಕಟ್ಟೆಯ ಮುಖ ಹಾಕಿಕೊಂಡರು. ಕಣ್ಣು ನೋಡಿದರು: ಉಬ್ಬಿದೆ, ತಿಳಿಯಾಗಿದೆ. ಕಿವಿರು ಎತ್ತಿದರು: ನೀಲಿ ತಲೆಯೊಳಗೆ ಕೆಂಪಗೆ ಹೊಳೆಯಿತು. ಬೆನ್ನಿಗೆ ಬೆರಳೊತ್ತಿದರು: ತಗ್ಗು ಬಿದ್ದ ಮಾಂಸ ಥಟ್ಟನೆ ಮೇಲೆದ್ದಿತು. ಬಾಯೊಳಗೆ ಬೆರಳು ಹಾಕಿದರು. ಸೋಡಾದವನು ಮುಂದೆ ಬಾಗಿ ಇಣುಕಿದ. ಬೆರಳು ಖಾಲಿ ಬಂತು. ಮೂಸಿ ನೋಡಿದರು.

“ಐಸ್ ಮುಟ್ಟಿಲ್ಲ,” ಎಂದರು.

“ಹೊಸಲು ದಾಟಿಸೋಕೇ ಬಿಡಲಿಲ್ಲ ಅಮ್ಮ,” ಎಂದ ಸೋಡಾದವನು. “ನಾನು ಕೊಡ್ತೀನಿ ಅಂದ್ರೆ ನನ್ನನ್ನೇ ಹೊಡೆಯೋ ಹಾಗೆ ಬಂದ್ರು.”

“ಈ ಸೆಕೇಲಿ ಐಸ್ ಇಲ್ಲದೆ ಇದು ಹೇಗೆ ಇಷ್ಟು ಗಟ್ಟಿಯಾಗಿದೆ?”

ಹೆಂಡತಿ ಮೊಳೆಯಲ್ಲಿ ನೇತಾಡುತ್ತಿದ್ದ ಒದ್ದೆ ಅಂಗಿಯನ್ನು ತಾಯಿಯ ಕೈಗೆ ಕೊಟ್ಟಳು. ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೆನ್ನಿನ ಸೀಳು. ಕುಲಾವಿ. ಮಡಿಕೆ. ಗುಂಡಿ. ಕಾಜಾದ ಮೇಲೆ ಹೆಬ್ಬೆರಳು ಆಡಿಸಿದರು.

“ಈ ಕಾಜಾ ನೀನು ಹಾಕಿದ್ದಲ್ಲ.”

“ನಾನು ಒಲ್ಲೆ ಅಂದೆ ಅಮ್ಮ. ಅವರೇ ಕೂತು ಹಾಕಿದ್ರು. ಅನ್ನ ಕೂಡ ಉಂಡಿಲ್ಲ.”

ಅತ್ತೆ ಅಂಗಿಯನ್ನು ಮೇಜಿನ ಮೇಲೆ ಹರಡಿದರು. ಆಮೇಲೆ ಅವರ ಭುಜಗಳು ಅಲುಗತೊಡಗಿದವು. ಟೈಲರಣ್ಣ ಅಳುತ್ತಿದ್ದಾರೆಂದು ತಿಳಿದು ಗಾಬರಿಯಾದ. ಅತ್ತೆ ನಗುತ್ತಿದ್ದರು. ಆ ಮನೆಗೆ ಬಂದ ಮೇಲೆ ಅವರು ಹಾಗೆ, ಹಲ್ಲಿಲ್ಲದ ಬಾಯಿ ಕಾಣುವಂತೆ ನಕ್ಕದ್ದೇ ಇರಲಿಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡರು, ಕೆನ್ನೆ ನೀಲಿಯಾಯಿತು.

“ಅಯ್ಯೋ ನನ್ನಪ್ಪ! ಆಯುಷ್ಯವೆಲ್ಲ ಮೀನು ಕೊಳ್ಳೋರನ್ನ ನೋಡಿದೀನಿ. ಕೊಂಡೋನು ಮನೆಗೆ ಹೋಗಿ ಕೊಯ್ದು ತಿಂತಾನೆ. ಕೊಂಡ ಮೀನಿಗೆ ಯಾರೂ ಅಂಗಿ ಹೊಲಿಯಲ್ಲ. ಇಂಥ ಹುಚ್ಚು ಹಿಡಿಯೋದು ತಾನೇ ಹಿಡಿದೋನಿಗೆ ಮಾತ್ರ.” ಮಗಳ ಕಡೆ ತಿರುಗಿದರು. “ಏನೂ ಕಳೀಬೇಡ ಕಣೇ. ಪೂರ್ತಿ ನಂಬು.”

ಟೈಲರಣ್ಣ ಏನಾದರೂ ಹೇಳಬೇಕೆಂದು ಬಾಯಿ ತೆರೆದ.

“ಆದ್ರೆ ಒಂದು ಮಾತು ಅಳಿಯಂದ್ರೇ,” ಎಂದು ಅತ್ತೆ ಅವನ ಬಾಯಿ ಮುಚ್ಚಿಸಿದರು. “ನನ್ನ ಚಳಿ ಅಂಗಿಗೆ ಒಂದು ಗುಂಡಿ ಇಲ್ಲ. ಈ ಮೀನಿಗೆ ಎರಡು.”

ಮೀನನ್ನು ಅತ್ತೆಯೇ ಶುಚಿಮಾಡಿದರು. ಮಂಡಿ ಮಡಚಲಾಗದೆ ಸ್ಟೂಲಿನ ಮೇಲೆ ಕುಳಿತು, ಹೊಟ್ಟೆ ತೆಗೆದು, ಕಿವಿರು ಕಿತ್ತು, ಬಾಲದ ಹತ್ತಿರ ಗೀರಿ, ಹಿಡಿ ಉಪ್ಪಿನಿಂದ ಬಿಗಿಹಿಡಿದು, ತೊಗಲನ್ನು ಹಳೆಯ ಕೈಚಳಕದಿಂದ ಸುಲಿದುಬಿಟ್ಟರು. ನೀಲಿಯೆಲ್ಲ ತೊಗಲಿನ ಜೊತೆಗೇ ಹೋಯಿತು. ಒಳಗಿನ ಮಾಂಸ ಮಲ್ಲಿಗೆಯಷ್ಟು ಬೆಳ್ಳಗಿತ್ತು. ಸೋಡಾದವನಿಗೂ ಒಂದು ಪಾಲು ಹೋಯಿತು. ತೊಗಲನ್ನು ಬೆಕ್ಕಿಗೆ ಹಾಕಿದಾಗ ಅದು ಮೂಸಿ, ತನ್ನ ಕಾಲನ್ನೊಮ್ಮೆ ನೋಡಿಕೊಂಡು, ದೂರ ಹೋಗಿ ಕುಳಿತಿತು.

ಗಾಳದ ಕೋಲು ಉಳಿಯಿತು. ಹಗ್ಗಕ್ಕೆ ಬೇರೆ ಕೋಲು ಬಂತು. ಚಳಿ ಅಂಗಿಗೆ ಮರುದಿನವೇ ಗುಂಡಿ ಬಿತ್ತು. ಬೇಕಾದದ್ದು ಒಂದು, ಟೈಲರಣ್ಣ ಹೆದರಿ ಹೊಸದಾಗಿ ಎಲ್ಲವನ್ನೂ ಹಾಕಿದ. ಐಸ್ ಟೈಲರ್ ಎಂಬ ಹೆಸರು ತಾನಾಗಿಯೇ ಸತ್ತಿತು. ಬದಲಿಗೆ ಸೋಡಾದವನು ‘ನೀಲಿ ಮೀನಿನ ಟೈಲರ್’ ಎಂದು ಹೊಸದೊಂದನ್ನು ಹುಟ್ಟಿಸಿದ. ಇದನ್ನು ಜನ ಎದುರಿಗೇ ಕರೆಯುತ್ತಿದ್ದರು. ಟೈಲರಣ್ಣ ಓಗೊಡುತ್ತಲೂ ಇದ್ದ.

ಆ ಮೀನಿನ ಅಂಗಿಯನ್ನು ಒಗೆದು ಒಣಗಿಸಿ ಅವನು ಬೋರ್ಡಿನ ಕೆಳಗೇ ನೇತುಹಾಕಿದ್ದ. ಹೊಸ ಗಿರಾಕಿಗಳು, “ಇದು ಎಷ್ಟು ತಿಂಗಳ ಮಗುವಿಗೆ?” ಎಂದು ಕೇಳುತ್ತಿದ್ದರು. ಆಗ ಜಗಲಿಯಿಂದ ಅತ್ತೆ ಎದ್ದು ಬರುತ್ತಿದ್ದರು. ಟೈಲರಣ್ಣನಿಗೆ ಬಾಯಿ ತೆರೆಯಲು ಬಿಡದೆ ತಾವೇ ಕತೆ ಹೇಳುತ್ತಿದ್ದರು. ಮೊದಲ ವರ್ಷ ಅವರು ಎರಡು ಕೈಗಳನ್ನು ಅಗಲಿಸಿ ಮೀನಿನ ಉದ್ದವನ್ನು ಸರಿಯಾಗಿಯೇ ತೋರಿಸುತ್ತಿದ್ದರು. ವರ್ಷಗಳು ಹೋದಂತೆ ಕೈಗಳು ದೂರವಾದವು. ಕೊನೆಕೊನೆಗೆ ಅವರ ಕೈ ಒಂದು ಕಡೆ ಕಿಟಕಿಗೂ ಇನ್ನೊಂದು ಕಡೆ ಗಿರಾಕಿಯ ಮೂಗಿಗೂ ತಾಗುತ್ತಿತ್ತು.

“ಹೌದಾ ಟೈಲರಣ್ಣ? ಅಷ್ಟು ದೊಡ್ಡದಿತ್ತಾ?” ಎಂದು ಗಿರಾಕಿ ಕೇಳುತ್ತಿದ್ದ.

ನೋಡಿದ ಕೂಡಲೇ ಯಾವ ಮೈಯ ಅಳತೆಯನ್ನಾದರೂ ಹೇಳಬಲ್ಲ ಟೈಲರಣ್ಣ, ಅತ್ತೆಯ ಕೈಗಳ ನಡುವಿನ ದೂರವನ್ನು ಒಮ್ಮೆ ಕಣ್ಣಲ್ಲೇ ಅಳೆಯುತ್ತಿದ್ದ. ಗೋಡೆಯ ಮೇಲಿನ ಪುಟ್ಟ ಅಂಗಿಯನ್ನೂ ನೋಡುತ್ತಿದ್ದ. ಆಮೇಲೆ ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ ಹೇಳುತ್ತಿದ್ದ:

“ಅತ್ತೆ ಹೇಳಿದ್ಮೇಲೆ ಮುಗೀತು. ಬಟ್ಟೆ ನೀರಿಗೆ ಹಾಕಿದ ಮೇಲೆ ಸ್ವಲ್ಪ ಕುಗ್ಗಿದೆ, ಅಷ್ಟೇ.”